ಕೆಂಚಪ್ಪನಿಗೊಂದು ಬಸ್ಸು

ಕಾದಂಬರಿಯಲ್ಲಿ ಯಾರನ್ನು ಬರೆದರೂ ಮರುದಿನ ಬೆಳಿಗ್ಗೆ ಅವರು ಬರೆದವರ ಮನೆಗೇ ಬಂದುಬಿಡುತ್ತಿದ್ದರು. ಕತೆ ಮುಗಿಯುವವರೆಗೆ ಕದಲುತ್ತಿರಲಿಲ್ಲ. ವನಮಾಲೆಯ ಮೊದಲ ಕಾದಂಬರಿ ಬೆಳೆಯುತ್ತಲೇ ಹೋಗಿ ಪಡಸಾಲೆ ತುಂಬಿತ್ತು, ಅಕ್ಕಿ ಡಬ್ಬ ತಳ ಕಂಡಿತ್ತು. ಯಾರನ್ನಾದರೂ ಅಳಿಸಲೇಬೇಕು. ಕತೆಯಲ್ಲಿ ಕೆಲಸವಿಲ್ಲದವನೆಂದರೆ ಡ್ರೈವರ್ ಕೆಂಚಪ್ಪ. ಆದರೆ ದಿನವೂ ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದವನೂ ಅವನೊಬ್ಬನೇ. ಅವಳಿಗೆ ಮನಸ್ಸು ಬರಲಿಲ್ಲ.

ಹತ್ತಾರು ಕಾದಂಬರಿ ಮುಗಿಸಿದ್ದ ಪಕ್ಕದ ಮನೆಯ ಪದ್ಮಾಕ್ಷಮ್ಮ ಬಂದು ನೋಡಿ ನಕ್ಕರು.

“ಮೊದಲ್ನೇ ಕಾದಂಬರಿಗೇ ಮದುವೆಮನೆ ಮಾಡ್ಕೊಂಡಿದ್ದೀಯಲ್ಲೇ! ಅಳಿಸ್ಬೇಡ. ಏನು ಬೇಕು ಅಂತ ಒಬ್ಬೊಬ್ರನ್ನೂ ಕೇಳು. ಅದು ಸಿಕ್ಕಿದ ದಿನ ಕತೆ ಮುಗಿಸು, ದಪ್ಪ ಆಗ್ಲಿ ಅಂತ ಎಳೀಬೇಡ.”

ವನಮಾಲೆ ಕೇಳಿದಳು. ಎಲ್ಲರದೂ ಒಂದೇ ಮಾತು: “ಊರಿಗೆ ಹೋಗ್ಬೇಕು ತಾಯಿ.”

ಕೆಂಚಪ್ಪ ಮಾತ್ರ ತಲೆ ಕೆರೆದುಕೊಂಡ. “ನಂಗೊಂದು ಬಸ್ಸು ಕೊಟ್ರೆ ಸಾಕವ್ವಾ.”

ವನಮಾಲೆ ಅವತ್ತೇ ಕೂತು ಬಸ್ಸು ಬರೆದಳು. ಮರುದಿನ ಬೆಳಿಗ್ಗೆ ಬೀದಿಯಲ್ಲಿ ಹಾರನ್ ಕೇಳಿಸಿತು. ಅವಳು ಕೊನೆಯ ಸಾಲು ಬರೆದು ಕತೆ ಮುಗಿಸಿದಳು. ಎಲ್ಲರೂ ಕೈಮುಗಿದು ಹತ್ತಿದರು. “ನಿನ್ನ ಅನ್ನದ ಋಣ ದೊಡ್ಡದವ್ವಾ,” ಎಂದು ಕೆಂಚಪ್ಪ ಗೇರು ಹಾಕಿದ.

ಒಳಗೆ ಬಂದರೆ ಒಲೆಯ ಪಕ್ಕ ಬಟ್ಟಲು ತುಂಬ ಸುಲಿದ ಬೆಳ್ಳುಳ್ಳಿ. ವನಮಾಲೆ ಕಣ್ಣೊರೆಸಿಕೊಂಡು ಸಾರಿಗೆ ಒಗ್ಗರಣೆ ಹಾಕಿದಳು. ಮೊದಲ ಸೌಟು ಪದ್ಮಾಕ್ಷಮ್ಮನವರಿಗೆಂದು ಪಾತ್ರೆಗೆ ಹಾಕಿದಳು.