ಅಕ್ಕನ ಕೇಂದ್ರ, ತಮ್ಮನ ಗುಜರಿ

"ಇನ್ನೊಂದು ಗಂಟೆಗೆ ಕುಲಪತಿಗಳು ಬರ್ತಾರೆ, ನಿನ್ನ ಗುಜರಿ ಇನ್ನೂ ಇಲ್ಲೇ ಬಿದ್ದಿದೆಯಲ್ಲೋ!"

ಕಂಪ್ಯೂಟರ್ ವಿಭಾಗದ ಕಾರಿಡಾರಿನಲ್ಲಿ ಅಕ್ಕನ ದನಿ ಏರಿತು. ಅಕ್ಕ, ತಮ್ಮ ಇಬ್ಬರೂ ಅಲ್ಲೇ ಪ್ರಾಧ್ಯಾಪಕರು. ಸಭೆಯಲ್ಲಿ ಮೇಡಂ, ಸರ್ ಎಂದು ಮರ್ಯಾದೆಯಾಗಿಯೇ ಮಾತಾಡುತ್ತಿದ್ದರು. ಕಾರಿಡಾರಿಗೆ ಬಂದರೆ ಮುಗಿಯಿತು, ಅಡುಗೆಮನೆಯ ಜಗಳವೆಲ್ಲ ಅಲ್ಲೇ. ಇದು ವಿಭಾಗದ ಪುಣ್ಯವೋ ಪಾಪವೋ, ಉಳಿದವರು ಇನ್ನೂ ತೀರ್ಮಾನಿಸಿರಲಿಲ್ಲ.

ಅಕ್ಕನ ಸಿಟ್ಟಿಗೆ ಕಾರಣವಿತ್ತು. ವರ್ಷವಿಡೀ ಕುಲಪತಿಗಳ ಬೆನ್ನು ಬಿದ್ದು ನಾವೀನ್ಯತಾ ಕೇಂದ್ರಕ್ಕೆಂದು ಒಂದು ಕೋಣೆ ಗಿಟ್ಟಿಸಿದ್ದಳು. ಆ ಕೋಣೆಯ ಮೇಲೆ ಪರೀಕ್ಷಾ ವಿಭಾಗಕ್ಕೂ ಕಣ್ಣಿತ್ತು. "ಉದ್ಘಾಟನೆಗೆ ಬಂದಾಗ ನೋಡ್ತೀನಿ. ಹುಡುಗರು ಬಳಸ್ತಾರೆ ಅಂತ ನನಗನ್ನಿಸಬೇಕು, ಇಲ್ಲಾಂದ್ರೆ ಅಲ್ಲಿ ಉತ್ತರಪತ್ರಿಕೆ ತುಂಬಿಸ್ತೀನಿ" ಎಂದು ಕುಲಪತಿಗಳು ಕಡ್ಡಿ ಮುರಿದಂತೆ ಹೇಳಿದ್ದರು. ತಮ್ಮನೋ, ಆ ಕೋಣೆಯಲ್ಲಿ ತಾನು ಕೂಡಿಟ್ಟಿದ್ದ ಕೆಟ್ಟ ಕಂಪ್ಯೂಟರುಗಳನ್ನು ಕಾರಿಡಾರಿಗೆ ತಂದಿಟ್ಟನೇ ಹೊರತು, ಗುಜರಿಯವನಿಗೆ ಕೊಡಲು ಅವನಿಗೆ ಮನಸ್ಸೇ ಬಂದಿರಲಿಲ್ಲ.

"ಇವೇ ವಾಸಿ ಕಣಕ್ಕಾ, ಬಿಚ್ಚಿ ನೋಡಬಹುದು" ಎಂದ ತಮ್ಮ, ಒಂದರ ನೆತ್ತಿ ಸವರುತ್ತಾ. "ಕೋಣೆಯೊಳಗಿರೋ ನಿನ್ನ ಹೊಸ ಕಂಪ್ಯೂಟರುಗಳಿಗೆ ಪ್ಲಾಸ್ಟಿಕ್ಕೂ ತೆಗೆದಿಲ್ಲ."

"ಧೂಳು ಕೂರುತ್ತೆ. ಬಿಚ್ಚಿದ್ರೆ ವಾರಂಟಿನೂ ಹೋಗುತ್ತೆ."

"ಮುಟ್ಟಬಾರದ ಸಾಮಾನು ಇಟ್ಕೊಂಡು ಹುಡುಗರು ಹೊಸದೇನು ಮಾಡ್ತಾರಕ್ಕಾ?"

ಉತ್ತರ ಹೊಳೆಯದಿದ್ದಾಗ ಅಕ್ಕ ಇನ್ನಷ್ಟು ಜೋರಾಗಿ ಬೈಯುತ್ತಿದ್ದಳು, ಈಗಲೂ ಬೈದಳು. ಆಮೇಲೆ ವಿದ್ಯಾರ್ಥಿಗಳನ್ನು ಕರೆದು, "ಇದನ್ನೆಲ್ಲ ಹಿಂದಿನ ಶೆಡ್ಡಿಗೆ ಸಾಗಿಸ್ರಪ್ಪಾ" ಎಂದು ಅಂಗಲಾಚಿ, ಕುಲಪತಿಗಳನ್ನು ಎದುರುಗೊಳ್ಳಲು ಗೇಟಿಗೆ ಓಡಿದಳು.

ಅವರನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದವಳು ಅಲ್ಲೇ ನಿಂತುಬಿಟ್ಟಳು. ಒಂದೇ ಒಂದು ಕಂಪ್ಯೂಟರೂ ಜಾಗ ಬಿಟ್ಟು ಕದಲಿರಲಿಲ್ಲ. ಯಾರೋ ಒಂದನ್ನು ಎತ್ತುವಾಗ ಅದರ ಮುಚ್ಚಳ ಕಳಚಿತಂತೆ; ಒಳಗೆ ಇಣುಕಿದವರು ತಲೆ ಈಚೆ ತೆಗೆದಿರಲಿಲ್ಲ. ನೆಲದ ತುಂಬ ತಂತಿ, ಸ್ಕ್ರೂ, ಹುಡುಗ ಹುಡುಗಿಯರು. ನಡುವೆ ತೋಳು ಮಡಿಸಿ ಚಕ್ಕಳಮಕ್ಕಳ ಹಾಕಿ ಕೂತ ತಮ್ಮ. ಒಂದು ಮೂಲೆಯಲ್ಲಿ ಯಾವುದೋ ಹಳೇ ಕಂಪ್ಯೂಟರಿನ ಫ್ಯಾನು ಗಿರ್ರೆಂದು ತಿರುಗಿದ್ದೇ ತಡ, ಹೋ ಎಂಬ ಕೂಗೆದ್ದಿತು.

ಹೋಯಿತು ಕೋಣೆ ಎಂದುಕೊಂಡಳು ಅಕ್ಕ. ತಮ್ಮನ ಕಿವಿ ಹಿಂಡುವಷ್ಟು ಕೋಪ, ಅಳುವಷ್ಟು ದುಃಖ, ಎರಡೂ ಒಟ್ಟಿಗೇ ಬಂದವು.

"ದಾರಿ ಬಿಡ್ರೋ, ಕುಲಪತಿಗಳು!" ಎಂದಳು. ಯಾರೂ ತಲೆ ಎತ್ತಲಿಲ್ಲ.

"ಸರ್, ಕಾಲು ಸ್ವಲ್ಪ ಆಚೆ ಇಡಿ. ಅಲ್ಲಿ ಸ್ಕ್ರೂ ಬಿದ್ದಿದೆ" ಎಂದನೊಬ್ಬ, ಯಾರ ಕಾಲೆಂದೂ ನೋಡದೆ. ಕುಲಪತಿಗಳು ಕಾಲು ಆಚೆ ಇಟ್ಟರು.

ಹೇಗೋ ಕಾಲುಗಳನ್ನು ದಾಟಿ, ರಿಬ್ಬನ್ ಕಟ್ಟಿದ ಬಾಗಿಲಿಗೆ ಬಂದದ್ದಾಯಿತು. ರಿಬ್ಬನ್ ಕತ್ತರಿಸಲೆಂದು ಹೊಸ ಕತ್ತರಿ ಇಟ್ಟಿದ್ದ ತಟ್ಟೆಯ ಮೇಲಿನ ಬಟ್ಟೆಯನ್ನು ಅಕ್ಕ ಸರಿಸಿದಳು. ತಟ್ಟೆ ಬರಿದಾಗಿತ್ತು. ಗಾಬರಿಯಿಂದ ಸುತ್ತ ನೋಡಿದರೆ, ಗೋಡೆಗೊರಗಿ ಕೂತ ಹುಡುಗಿಯೊಬ್ಬಳು ಅದೇ ಹೊಳೆಯುವ ಕತ್ತರಿಯಿಂದ ತಂತಿಯ ಸಿಪ್ಪೆ ಸುಲಿಯುತ್ತಿದ್ದಳು, ನಾಲಿಗೆ ಹೊರಗೆ ಚಾಚಿಕೊಂಡು, ಜಗತ್ತನ್ನೇ ಮರೆತು.

"ಏಯ್, ಕೊಡೇ ಇಲ್ಲಿ!" ಎಂದು ಅಕ್ಕ ನುಗ್ಗಿದಳು.

ಕುಲಪತಿಗಳು ಕೈ ಅಡ್ಡ ಹಿಡಿದರು. "ಪರೀಕ್ಷಾ ವಿಭಾಗಕ್ಕೆ ಬೇರೆ ಕೋಣೆ ಹುಡುಕ್ತೀನಿ ಮೇಡಂ. ಆ ಕತ್ತರಿ ಮಾತ್ರ ಕಿತ್ಕೋಬೇಡಿ," ಎಂದರು, ದನಿ ತಗ್ಗಿಸಿ. "ಉದ್ಘಾಟನೆ ನಡೀತಾ ಇದೆ."