ಫೋಟೋದ ಮೊಳೆ

ವಯರಿಂಗ್ ನೋಡಲು ಬಂದ ಭುಜಂಗ ಗೋಡೆಯ ಮುಂದೆ ನಿಂತು ತಿಲಕನ ಫೋಟೋದ ಸ್ಟೀಲ್ ಚೌಕಟ್ಟಿಗೆ ಟೆಸ್ಟರ್ ತಾಗಿಸಿದ. ಟೆಸ್ಟರಿನ ಹೊಟ್ಟೆಯೊಳಗೆ ಕೆಂಪು ದೀಪ ಹೊತ್ತಿತು.

"ಕೂಸಪ್ಪಣ್ಣ, ಮೈನ್ ಆಫ್ ಮಾಡಿ! ಬೇಗ! ನಿಮ್ಮ ಮಗನ ಫೋಟೋದಲ್ಲಿ ಕರೆಂಟ್ ಉಂಟು!"

ಕೂಸಪ್ಪ ಜಗಲಿಗೆ ಓಡಿ ಮೈನ್ ಸ್ವಿಚ್ಚಿನ ಹಿಡಿ ಎಳೆದ. ಫ್ಯಾನ್ ತಿರುಗಿ ತಿರುಗಿ ನಿಂತಿತು. ಕಾಪುವಿನ ಕಡಲ ಸದ್ದು ಮನೆಯೊಳಗೆ ಕೇಳತೊಡಗಿತು. ಚಹಾ ತರುತ್ತಿದ್ದ ಹೆಂಡತಿ ಸರಸ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು.

ಭುಜಂಗ ಫೋಟೋ ಇಳಿಸಿ ಕೂಸಪ್ಪನ ಕೈಗೆ ಕೊಟ್ಟ. ಇಕ್ಕಳದಿಂದ ಮೊಳೆ ಕಿತ್ತು ತೋರಿಸಿದ. "ಇದನ್ನು ಹೊಡೆದ ಪುಣ್ಯಾತ್ಮ ಯಾರು?"

"ನಾನೇ. ಮುರಕಲ್ಲಿನ ಗೋಡೆ, ಎಲ್ಲಿ ಹೊಡೆದರೂ ಸಾರಣೆ ಉದುರಿತು. ಆ ಮರದ ಪಟ್ಟಿಯಲ್ಲಿ ಮಾತ್ರ ಗಟ್ಟಿ ನಿಂತದ್ದು."

"ನಿಲ್ಲದೆ ಎಂತ! ಪಟ್ಟಿಯ ಒಳಗೇ ಅಲ್ವಾ ಮಾರಾಯ್ರೆ ವಯರ್ ಹೋಗುವುದು? ನಿಮ್ಮ ಅಪ್ಪನ ಕಾಲದ ವಯರಿಂಗ್. ಬಣ್ಣ ಬಳಿದು ಬಳಿದು ನೀವು ಅದನ್ನು ಗೋಡೆಯ ಶೃಂಗಾರ ಅಂತ ತಿಳಿದಿರಿ. ಈಗಿನ ನಿಯಮದಲ್ಲಿ ಇದು ಮನೆಯಲ್ಲ, ಬೆಂಕಿಪೊಟ್ಟಣ."

ಮಗಳು ಸೌಮ್ಯಶ್ರೀ ಸಂತೆಕಟ್ಟೆಯಿಂದ ಫೋನಿನಲ್ಲಿ ಹೇಳಿದ್ದೂ ಅದನ್ನೇ. ಅವಳ ಮಗು ಅಂಬೆಗಾಲಿಡಲು ಶುರುಮಾಡಿತ್ತು. "ವಯರಿಂಗ್ ಬದಲಾಗದೆ ನಾನು ಮಗುವನ್ನು ಆ ನೆಲಕ್ಕೆ ಬಿಡುವವಳಲ್ಲ ಅಮ್ಮ." ತಿಲಕ್ ಹೋದ ಮೇಲೆ ಈ ಮನೆಗೆ ನಗು ಅಂತ ಬರುವುದಿದ್ದರೆ ಆ ಮಗುವಿನಿಂದಲೇ. ಭಾನುವಾರ ಬರುವವರಿದ್ದರು.

"ಅಲ್ಲ ಸರಸಕ್ಕ, ಈ ಫೋಟೋವನ್ನು ಯಾರೂ ಮುಟ್ಟುವುದಿಲ್ಲ ಅಲ್ವಾ?" ಭುಜಂಗ ಚಹಾಕ್ಕೆ ಕೈ ಚಾಚುತ್ತ ಕೇಳಿದ.

"ನಾನು ದಿನಾ ಒರೆಸುತ್ತೇನೆ."

"ಒಣ ಬಟ್ಟೆಯಲ್ಲಾ?"

"ಒದ್ದೆ ಬಟ್ಟೆಯಲ್ಲಿ. ಉಪ್ಪುಗಾಳಿಗೆ ಮುಖ ಮಸುಕಾಗುತ್ತದಲ್ಲ."

ಭುಜಂಗ ಲೋಟವನ್ನು ಕಿಟಕಿಯಲ್ಲಿಟ್ಟ. "ಕೈಗೆ ಎಂತದೂ ಆಗಲಿಲ್ಲವಾ?"

"ಆಗುತ್ತಿತ್ತು. ಬೆರಳಿನಿಂದ ಮೊಣಕೈವರೆಗೆ ಜುಮ್ ಅನ್ನುತ್ತಿತ್ತು. ಆಟಿ ತಿಂಗಳಲ್ಲಿ ಜಾಸ್ತಿ."

"ಮತ್ತೆ ಒಂದು ಮಾತು ಹೇಳಬಾರದಿತ್ತಾ!"

ಸರಸ ಗೋಡೆಯಲ್ಲಿ ಮೊಳೆ ಇದ್ದ ತೂತನ್ನು ನೋಡುತ್ತಿದ್ದಳು. "ಹೇಳಿದರೆ ನಿಂತುಹೋಗುತ್ತದೆ ಅಂತ ಇತ್ತು," ಎಂದಳು. "ನಾನು ಅದನ್ನು ಮಗ ಅಂದುಕೊಂಡಿದ್ದೆ."

ತಿಲಕನ ದೋಣಿ ಅಳಿವೆಯ ಬಾಯಲ್ಲಿ ಮಗುಚಿದಾಗ ಕಡಲು ದೋಣಿಯನ್ನು ಕೊಟ್ಟಿತು, ಬಲೆಯನ್ನು ಕೊಟ್ಟಿತು, ಮಗನನ್ನು ಕೊಡಲಿಲ್ಲ. ಕೊನೆಗೊಮ್ಮೆ ಮುಟ್ಟಲಿಕ್ಕೂ ಸಿಗಲಿಲ್ಲ. ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಆಟಿ ತಿಂಗಳಲ್ಲಿ, ಬಡಿಸಿ, ಅವರು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ, ಆಮೇಲೆ ಬಂದು ಅವಳು ಚೌಕಟ್ಟು ಒರೆಸುತ್ತಿದ್ದಳು. ಆಗ ಅದು ಬರೇ ಜುಮ್ ಅನ್ನುತ್ತಿರಲಿಲ್ಲ, ಕೈಯನ್ನೇ ಹಿಡಿದುಕೊಳ್ಳುತ್ತಿತ್ತು.

"ಬುದ್ಧಿ ಉಂಟಾ ನಿನಗೆ?" ಕೂಸಪ್ಪ ರೇಗಿದ. "ಸತ್ತುಹೋಗಿದ್ದರೆ?" ರೇಗುವಾಗ ಅವನು ಹೆಂಡತಿಯ ಮುಖ ನೋಡಲಿಲ್ಲ. ಬಲ ಅಂಗೈಯನ್ನು ಲುಂಗಿಗೆ ಉಜ್ಜುತ್ತಲೇ ಇದ್ದ.

ಭುಜಂಗನ ದನಿ ತಗ್ಗಿತು. "ಮಳೆಗಾಲದಲ್ಲಿ ಮರ ನೀರು ಕುಡಿಯುತ್ತದೆ ಅಕ್ಕ. ಒದ್ದೆ ಮರದಲ್ಲಿ ಕರೆಂಟ್ ಸುಲಭದಲ್ಲಿ ಹರಿಯುತ್ತದೆ. ಅದಕ್ಕೇ ಆಟಿಯಲ್ಲಿ ಜಾಸ್ತಿ. ಕಾಲಡಿಯ ನೆಲ ಒಣಗಿದ್ದದ್ದು ನಿಮ್ಮ ಪುಣ್ಯ." ಸರಸ ಪುರಾಣದ ಅರ್ಥ ಕೇಳಲು ಕೂತವಳಂತೆ ಪ್ರತಿ ಮಾತಿಗೂ "ಹೌದಾ, ಹೌದಾ" ಎಂದಳು. ಲೋಟದಲ್ಲಿ ಚಹಾ ಆರಿತು.

ಎರಡು ದಿನ ಕೆಲಸ ನಡೆಯಿತು. ಮರದ ಪಟ್ಟಿಗಳೆಲ್ಲ ಇಳಿದು ಅಂಗಳದಲ್ಲಿ ರಾಶಿ ಬಿದ್ದವು. ಗೋಡೆಯಲ್ಲಿ ಬಿಳಿ ಪೈಪು ಬಂತು, ತೆಂಗಿನ ಬುಡದ ಪಕ್ಕದಲ್ಲಿ ಅರ್ತಿಂಗಿನ ಗುಂಡಿ ಬಂತು, ಜಗಲಿಯಲ್ಲಿ ಹೊಸ ಬೋರ್ಡು ಬಂತು. ಹೊರಡುವ ಮೊದಲು ಭುಜಂಗ ಬೋರ್ಡಿನ ಸಣ್ಣ ಗುಂಡಿಯೊಂದನ್ನು ಒತ್ತಿದ. ಟಕ್ಕೆಂದು ಇಡೀ ಮನೆ ಆಫ್ ಆಯಿತು.

"ನೋಡಿದಿರಾ? ಒಂದು ಚೂರು ಕರೆಂಟ್ ದಾರಿ ತಪ್ಪಿ ಯಾರ ಮೈಗೆ ಹೋದರೂ ಇದು ಬಿಡುವುದಿಲ್ಲ, ಹೀಗೇ ಟಕ್ಕೆಂದು ಆಫ್ ಮಾಡುತ್ತದೆ. ಇನ್ನು ಮಗು ಎಲ್ಲಿ ಬೇಕಾದರೂ ಕೈ ಹಾಕಲಿ." ಅವನು ಸ್ವಿಚ್ ಮೇಲೆತ್ತಿ ಕರೆಂಟ್ ಕೊಟ್ಟು, ಗೋಡೆಗೆ ಡ್ರಿಲ್ ಹೊಡೆದು ತಿಲಕನ ಫೋಟೋವನ್ನು ಹೊಸ ಸ್ಕ್ರೂಗೆ ನೇತುಹಾಕಿ, ಕೈ ಮುಗಿದು ಹೋದ.

ಮುಸ್ಸಂಜೆಗೆ ಭಜನಾ ಮಂದಿರದಲ್ಲಿ ತಾಳ ಶುರುವಾಯಿತು. ದೇವರಿಗೆ ದೀಪ ಇಟ್ಟು ಸರಸ ಎಂದಿನಂತೆ ಬಟ್ಟೆ ಹಿಂಡಿಕೊಂಡು ಬಂದಳು. ಬರೇ ಧೂಳು ಒರೆಸುವುದು, ಬೇರೆ ಎಂತದೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡು ಬಂದಳು.

ಫೋಟೋದ ಮುಂದೆ ಕೂಸಪ್ಪ ನಿಂತಿದ್ದ. ಪಕ್ಕದಲ್ಲಿ ಬರಿದಾದ ಚೊಂಬು. ಚೆಲ್ಲಿದ ನೀರಿನಲ್ಲಿ ಅವನ ಬರಿಗಾಲು. ಒದ್ದೆ ಅಂಗೈಯನ್ನು ಚೌಕಟ್ಟಿಗೆ ಒತ್ತಿ ಹಿಡಿದಿದ್ದ, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಜಗಲಿಯ ಹೊಸ ಬೋರ್ಡು ಟಕ್ಕೆನ್ನಲಿಲ್ಲ. ದೀಪಗಳು ಒಂದೇ ಸಮ ಉರಿಯುತ್ತಿದ್ದವು.

ಹೆಂಡತಿಯನ್ನು ಕಂಡರೂ ಅವನು ಕೈ ತೆಗೆಯಲಿಲ್ಲ. ಸ್ವಲ್ಪ ಬದಿಗೆ ಸರಿದು ಅವಳ ಕೈಗೂ ಜಾಗ ಮಾಡಿಕೊಟ್ಟ.

"ತಣ್ಣಗುಂಟು," ಎಂದ.