ಕೊಳದ ತಳದ ಬಾಗಿಲು

ಏಳು ಸಮುದ್ರದ ಆಚೆಯಲ್ಲ, ಇಲ್ಲೇ ಗಣಿಯೂರು ಊರಿಗಾಂನ ಈಜುಕೊಳದ ತಳದಲ್ಲಿ ಒಂದು ಬಾಗಿಲಿತ್ತು. ಬಾಗಿಲ ಹಿಂದೆ ಸುರಂಗ, ಸುರಂಗದ ಕೊನೆಗೆ ಚಿನ್ನದ ಗಣಿ, ಗಣಿಯಲ್ಲಿ ಒಬ್ಬ ರಾಕ್ಷಸ. ಒಂಟಿಯಾಗಿ ನೀರಿನ ಹತ್ತಿರ ಬಂದ ಮಕ್ಕಳ ಕಾಲು ಹಿಡಿದು ಎಳೆಯುವುದೇ ಅವನ ಕೆಲಸ.

ಕೊಳದ ಕಟ್ಟೆ ಉಜ್ಜುತ್ತ ಪಾಪಕ್ಕ ಈ ಕತೆ ಹೇಳುತ್ತಿದ್ದಳು. ಕೇಳುತ್ತಿದ್ದವಳು ಮಗಳ ಮಗಳು ಅನು, ನಾಲ್ಕು ವರ್ಷದವಳು. ಅಂಗನವಾಡಿಗೆ ಬೇಸಿಗೆ ರಜೆ ಬಂದಾಗಿನಿಂದ ಅಜ್ಜಿಯ ಜೊತೆ ಕೆಲಸಕ್ಕೆ ಬರುತ್ತಿದ್ದಳು.

"ಗಣೀಲಿ ತಾತ ಅವ್ರೆ ಅಲ್ವಾ, ಅವ್ರನ್ನೂ ಎಳೀತಾನಾ?"

ಪಾಪಕ್ಕನ ಕೈಯಲ್ಲಿದ್ದ ಬ್ರಷ್ಷು ನಿಂತಿತು. ಹಿಂದಿನ ವರ್ಷ ಗಂಡ ತೀರಿಕೊಂಡಾಗ ಮಗುವಿಗೆ ಏನು ಹೇಳುವುದೆಂದು ತೋಚದೆ, ತಾತ ಗಣಿಗೆ ಶಿಫ್ಟಿಗೆ ಹೋಗಿದ್ದಾರೆ ಅಂದಿದ್ದಳು. ಅವನು ದುಡಿಯುತ್ತಿದ್ದ ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿತ್ತು. ಆದರೂ ಬಾಯಿಗೆ ಮೊದಲು ಬಂದದ್ದು ಅದೇ.

"ತಾತನ್ನ ಎಳೆಯೋ ಗಂಡು ಯಾವನವ್ನೆ? ತಾತಾನೇ ಅವ್ನಿಗೆ ಕಾವಲು."

"ತಾತಂಗೆ ಊಟ ಯಾರ್ ಕೊಡ್ತಾರೆ?"

"ಮೇಲಿಂದ ಕಳುಸ್ತಾರೆ. ಅತ್ಲಾಗ್ ಕುಂತ್ಕೋ, ಜಾರ್ತೀಯ."

ಹನ್ನೊಂದಕ್ಕೆ ಈಜು ಕಲಿಯುವ ಮಕ್ಕಳೆಲ್ಲ ಮನೆಗೆ ಹೋದರು. ಕೊಳ ನಡೆಸುತ್ತಿದ್ದ ರಾಜ್‌ಕುಮಾರ್ ಆಫೀಸು ಕೋಣೆಯಲ್ಲಿ ಫೋನಿಗೆ ಅಂಟಿಕೊಂಡಿದ್ದ. ಮಕ್ಕಳು ಹೋಗಿ ಬಂದು ಮಾಡುತ್ತಾರೆಂದು ಕೊಳದ ಗೇಟು ತೆರೆದೇ ಇರುವಂತೆ ಇಟ್ಟಿದ್ದ ಇಟ್ಟಿಗೆ ಹಾಗೇ ಇತ್ತು. ತಾನಾಗಿ ಮುಚ್ಚಿಕೊಳ್ಳುವಂಥ ಸ್ಪ್ರಿಂಗು, ದೊಡ್ಡವರ ಕೈಗೆ ಮಾತ್ರ ಎಟುಕುವ ಚಿಲಕ ಹಾಕಿಸುತ್ತೇನೆ ಎಂದು ಅವನು ಶಿವರಾತ್ರಿಯಿಂದ ಹೇಳುತ್ತಲೇ ಇದ್ದ. ಪಾಪಕ್ಕ ಅನುವನ್ನು ಗೇಟಿನ ಹೊರಗೆ ಬೇವಿನ ಮರದಡಿ ಕೂರಿಸಿದಳು. ಊಟದ ಡಬ್ಬಿ ಅವಳ ಮಡಿಲಲ್ಲಿಟ್ಟು, ಕಾಗೆ ಬರದಂತೆ ನೋಡ್ಕೋ ಎಂದು ಹೇಳಿ, ಬಟ್ಟೆ ಬದಲಿಸುವ ಕೋಣೆ ತೊಳೆಯಲು ಹೋದಳು.

ಅನುವಿನ ಕಾಲ್ಗೆಜ್ಜೆಯ ಸದ್ದು ಸ್ವಲ್ಪ ಹೊತ್ತು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಯಾರೂ ಕಿರುಚಲಿಲ್ಲ, ನೀರು ಬಡಿದ ಸದ್ದೂ ಬರಲಿಲ್ಲ. ಏನೂ ಕೇಳುತ್ತಿಲ್ಲವಲ್ಲ ಎಂದೇ ಪಾಪಕ್ಕ ಹೊರಗೆ ಬಂದಳು.

ಮರದಡಿ ಯಾರೂ ಇರಲಿಲ್ಲ. ಕೊಳದ ಮೆಟ್ಟಿಲ ಹತ್ತಿರ ಪ್ಲಾಸ್ಟಿಕ್ ಡಬ್ಬಿ ತೇಲುತ್ತಿತ್ತು. ಅದರ ಪಕ್ಕದಲ್ಲಿ ಕೂದಲು.

ಈಜು ಬಾರದ ಪಾಪಕ್ಕ ಉಟ್ಟ ಸೀರೆಯಲ್ಲೇ ಇಳಿದಳು. ನೀರು ಅವಳಿಗೆ ಎದೆಯ ಮಟ್ಟ, ಅನುವಿಗೆ ತಲೆಯ ಮೇಲೆ. ಫ್ರಾಕು ಹಿಡಿದೆತ್ತಿ ಅವಳು ಕೂಗಿದ ಕೂಗಿಗೆ ರಾಜ್‌ಕುಮಾರ್ ಫೋನು ಎಸೆದು ಓಡಿಬಂದ. ಮಗುವನ್ನು ಕಟ್ಟೆಯ ಮೇಲೆ ಮಲಗಿಸಿ, ಬಾಯಿಗೆ ಬಾಯಿಟ್ಟು ಉಸಿರು ಊದಿದ. ಐದನೇ ಉಸಿರಿಗೆ ಅನು ಕೆಮ್ಮಿ ನೀರು ಕಕ್ಕಿದಳು.

ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡರು. ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಪಾಪಕ್ಕ ಮಂಚದ ಪಕ್ಕ ಕೂತು ಕೇಳಿದಳು.

"ಯಾಕವ್ವ ನೀರಿಗಿಳಿದೆ? ರಾಕ್ಷಸ ಅಂದ್ರೆ ಭಯ ಆಗ್ಲಿಲ್ವಾ?"

"ಅಲ್ಲಿ ತಾತ ಅವ್ರೆ ಅಲ್ವಾ. ಊಟ ಕೊಡಕ್ಕೆ ಓದೆ. ಬಾಗ್ಲೇ ಸಿಗ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ರಾಜ್‌ಕುಮಾರ್ ತಲೆ ತಗ್ಗಿಸಿದ. "ಗೇಟ್ ತೆಗ್ದಿಟ್ಟೋನು ನಾನು ಪಾಪಕ್ಕ."

"ದಾರಿ ತೋರ್ಸಿದೋಳು ನಾನು ಕಣ್ಲಾ," ಅಂದಳು ಪಾಪಕ್ಕ. ಅವನು ಚಡ್ಡಿ ಹಾಕಿಕೊಳ್ಳುವ ಕಾಲದಿಂದ ಅವಳಿಗೆ ಗೊತ್ತು. "ನೀನ್ ಗೇಟ್ ಮುಚ್ಚು, ನಾನ್ ಕತೆ ಮುಗುಸ್ತೀನಿ. ಅಲ್ಲೀಗಂಟ ಒಂದ್ ಮಗೂನೂ ಒಳಕ್ ಬಿಡ್ಬೇಡ. ಇನ್ನೊಂದ್ ಸಲ ನಾಳೆ ಅಂದ್ಯೋ, ಸ್ಪ್ರಿಂಗ್ ಬದ್ಲು ನಿನ್ನೇ ಗೇಟಿಗೆ ಕಟ್ಟಾಕ್ತೀನಿ."

ನಾಲ್ಕನೇ ದಿನ ಬಂಗಾರಪೇಟೆಯಿಂದ ವೆಲ್ಡಿಂಗಿನವನು ಬಂದು ಕೆಲಸ ಮುಗಿಸಿ ಹೋದ. ರಾಜ್‌ಕುಮಾರ್ ಇಟ್ಟಿಗೆಯನ್ನು ರಸ್ತೆಯಾಚೆ ಎಸೆದು ಬಂದು ಗೇಟನ್ನು ಪೂರ್ತಿ ತೆರೆದು ಕೈಬಿಟ್ಟ. ಅದು ತಾನಾಗಿ ಬಂದು ಟಕ್ ಎಂದು ಮುಚ್ಚಿಕೊಂಡಿತು.

"ಇನ್ನೊಂದ್ ಸಲ ಬಿಡು," ಅಂದಳು ಪಾಪಕ್ಕ. ಹಾಗೆ ಹತ್ತು ಸಲ ಬಿಡಿಸಿದಳು. ಒಮ್ಮೆ ಮೆಲ್ಲಗೆ, ಒಮ್ಮೆ ಗೇಣಷ್ಟೇ ತೆರೆದು. ಹತ್ತು ಸಲವೂ ಮುಚ್ಚಿಕೊಂಡಿತು. ಅನುವನ್ನು ಕರೆದು ಚಿಲಕ ತೆಗೆಯಲು ಹೇಳಿದಳು. ಅನು ತುದಿಗಾಲಲ್ಲಿ ನಿಂತಳು, ಎಗರಿದಳು, ಎಟುಕಲಿಲ್ಲ.

"ಅಜ್ಜೀ, ಈಗ ತಾತ ಎಂಗೆ ಆಚೆ ಬತ್ತಾರೆ?"

ರಾಜ್‌ಕುಮಾರ್ ಏನೋ ಹುಡುಕುವವನ ಹಾಗೆ ಅತ್ತ ತಿರುಗಿದ. ಪಾಪಕ್ಕ ನೆಲದ ಮೇಲೆ ಕೂತು ಮಗುವಿನ ಎರಡೂ ಕೈ ಹಿಡಿದುಕೊಂಡಳು.

"ತಾತ ಅಲ್ಲಿಲ್ಲ ಕಣವ್ವ. ಓದ ವರ್ಷಾನೇ ಸತ್ತೋದ್ರು. ಸತ್ತೋರು ಬರಲ್ಲ. ಅಜ್ಜಿ ಸುಳ್ ಏಳಿದ್ದು. ಅಲ್ಲಿ ಬಾಗ್ಲೂ ಇಲ್ಲ, ರಾಕ್ಷಸನೂ ಇಲ್ಲ. ಇರೋದು ಬರೀ ನೀರು. ಮುಳುಗ್ಸಕ್ಕೆ ಅದೊಂದೇ ಸಾಕು."

ಅನು ಸರಳುಗಳ ನಡುವಿನಿಂದ ನೀರನ್ನು ನೋಡಿದಳು. ಆಮೇಲೆ ಬೇವಿನ ಮರದಡಿ ಹೋಗಿ ಊಟದ ಡಬ್ಬಿ ತಂದಳು.

"ಅಂಗಾದ್ರೆ ತಾತಂದೂ ನಾನೇ ತಿನ್ಲಾ?"

ಪಾಪಕ್ಕ ಮುಚ್ಚಳ ತೆಗೆದುಕೊಟ್ಟಳು. ಮುಚ್ಚಿದ ಗೇಟಿಗೆ ಬೆನ್ನು ಕೊಟ್ಟು ಕೂತು, ಅನು ಚಿತ್ರಾನ್ನ ತಿನ್ನತೊಡಗಿದಳು.